ಬ್ಯಾಕಪ್‌ಗೆ ಸಪ್ಪೆ ಲಿನಕ್ಸೇ ಬೇಕು

ಊರಿನ ಅಂಗಡಿಗೆ ಬ್ಯಾಕಪ್ ಸರ್ವರ್ ಹಾಕಿಕೊಡೋ ಬೆಂಗಳೂರಿನ ಎಂಜಿನಿಯರ್‌ಗಳಿಗೆ, ಅಂದ್ರೆ ನಮ್ಮಂಥವರಿಗೆ, ಒಂದು ಮಾತು ನೇರವಾಗಿ ಹೇಳಬೇಕಿದೆ. ಅಲ್ಲಿ ಡೆಬಿಯನ್ ಸ್ಟೇಬಲ್ ಹಾಕಿ. ಅದು ಬೇಡ ಅಂದ್ರೆ ಉಬುಂಟು ಎಲ್‌ಟಿಎಸ್ ಹಾಕಿ. ಇವೆರಡನ್ನು ಬಿಟ್ಟು ಬೇರೆ ಏನಾದರೂ ಹಾಕೋ ಆಸೆ ಬಂದರೆ ಅದನ್ನು ನಿಮ್ಮ ಸ್ವಂತ ಲ್ಯಾಪ್‌ಟಾಪ್ ಮೇಲೆ ತೀರಿಸಿಕೊಳ್ಳಿ. ಸಿಂಧನೂರಿನ ಅಡತ್ ಅಂಗಡಿ, ಲಿಂಗಸುಗೂರಿನ ಕ್ಲಿನಿಕ್ಕು, ಮಸ್ಕಿಯ ಫೋಟೋ ಸ್ಟುಡಿಯೋ ನಮ್ಮ ಪ್ರಯೋಗಶಾಲೆಗಳಲ್ಲ.

ಇದು ಹೇಗೆ ನಡೆಯುತ್ತೆ ಅನ್ನೋದು ನಮಗೆಲ್ಲ ಗೊತ್ತು. ಯುಗಾದಿಗೋ ದಸರಾಕ್ಕೋ ಎರಡು ದಿನ ಊರಿಗೆ ಹೋಗ್ತೀವಿ. ಗಂಜಿನಲ್ಲಿ ಅಂಗಡಿ ಇಟ್ಟಿರೋ ಮಾಮಾ, "ತಮ್ಮಾ, ಹೋದ ವರ್ಷ ಹಾರ್ಡ್ ಡಿಸ್ಕ್ ಸುಟ್ಟು ಎಲ್ಲಾ ಲೆಕ್ಕ ಹೋತು ನೋಡು. ನೀ ಕಂಪ್ಯೂಟರ್ ಓದಿದಾಂವ, ಏನಾರ ಒಂದ್ ಮಾಡು" ಅಂತಾರೆ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಡೆಸ್ಕ್‌ಟಾಪ್ ಹೊರಗೆ ಬರುತ್ತೆ. ನಾವು ಖುಷಿಯಿಂದ ಆರ್ಚ್ ಹಾಕ್ತೀವಿ, ಯಾಕಂದ್ರೆ ನಮಗೆ ಆರ್ಚ್ ಬರುತ್ತೆ. ಇಲ್ಲಾ ಫೆಡೋರಾ ಹಾಕ್ತೀವಿ, ಯಾಕಂದ್ರೆ ಆಫೀಸಿನಲ್ಲಿ ಅದೇ ಇದೆ. ಅದರ ಮೇಲೆ ನಾಲ್ಕು ಕಂಟೇನರ್, ಒಂದು ಡ್ಯಾಶ್‌ಬೋರ್ಡ್, ಕಪ್ಪು ಪರದೆ ಮೇಲೆ ಹಸಿರು ಗೆರೆ. ಮಾಮಾ "ಭಾರೀ ಅದ ಬಿಡು" ಅಂತಾರೆ. ರಾತ್ರಿ ಸ್ಲೀಪರ್ ಬಸ್ ಹತ್ತಿ ವಾಪಸ್ ಬರ್ತೀವಿ.

ಆ ಮಷೀನ್ ಮುಂದೆ ಬದುಕಬೇಕಾದದ್ದು ನಾವಿಲ್ಲದ ಮುನ್ನೂರ ಅರವತ್ತು ದಿನ. ಕರೆಂಟ್ ಹೋಗಿ ಬರೋ ಊರಲ್ಲಿ, ನಲವತ್ತು ಡಿಗ್ರಿ ದಾಟೋ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ, ಭತ್ತದ ಧೂಳಿನಲ್ಲಿ. ನೋಡಿಕೊಳ್ಳೋನು ಲೆಕ್ಕ ಬರೆಯೋ ಗುಮಾಸ್ತ. ಡಿಸ್ಟ್ರೋ ಆರಿಸೋವಾಗ ನಮ್ಮ ತಲೆಯಲ್ಲಿ ಇರಬೇಕಾದದ್ದು ಆತನ ಮುಖ. ಇರೋದು ನಮ್ಮದೇ ಮುಖ.

ಆ ಡಿಸ್ಕಿನಲ್ಲಿ ಏನಿದೆ ಅಂತ ಒಮ್ಮೆ ಯೋಚಿಸಿ. ಸಿಂಧನೂರು ತುಂಗಭದ್ರಾ ಎಡದಂಡೆ ನಾಲೆಯ ನೀರಲ್ಲಿ ಭತ್ತ ಬೆಳೆಯೋ ಊರು. ಅಡತ್ ಅಂಗಡಿ ಅಂದ್ರೆ ಬರೀ ಮಾಲು ಮಾರೋ ಜಾಗ ಅಲ್ಲ. ರೈತ ಬಿತ್ತನೆಗೆ ಮುಂಗಡ ತಗೊಳ್ಳೋದು ಅಲ್ಲಿ, ಗೊಬ್ಬರದ ಉದ್ರಿ ಬರೆಸೋದು ಅಲ್ಲಿ, ಸುಗ್ಗಿಯಾದ ಮೇಲೆ ಮುರಿದುಕೊಳ್ಳೋದೂ ಅಲ್ಲೇ. ಈ ಕೊಡು-ಕೊಳ್ಳುವ ಲೆಕ್ಕವೆಲ್ಲ ಟ್ಯಾಲಿಯಲ್ಲಿ ಇರುತ್ತೆ. ರೈತನ ಹತ್ರ ಇರೋದು ಜೇಬಿನಲ್ಲಿ ಮಡಚಿಟ್ಟ ಒಂದು ಚೀಟಿ, ಬೆವರಿಗೆ ಅಕ್ಷರ ಅಳಿಸಿರೋದು. ಲೆಕ್ಕ ಕಳೆದುಹೋದ ದಿನ ಇಬ್ಬರ ಮಾತೂ ಮಾತೇ ಆಗುತ್ತೆ, ಆದರೆ ಅಂಗಡಿಕಟ್ಟೆ ಮೇಲೆ ಕೂತವರ ಮಾತಿಗೆ ತೂಕ ಜಾಸ್ತಿ. ಕೊಟ್ಟ ಸಾಲವನ್ನೇ ಇನ್ನೊಮ್ಮೆ ಕೊಡಬೇಕಾಗಿ ಬರೋದು ರೈತನಿಗೆ. ಡಿಸ್ಟ್ರೋ ಆರಿಸುವಾಗ ಆತನನ್ನು ಯಾರೂ ಕೇಳಿರಲ್ಲ.

ಕಾನೂನಿನ ಲೆಕ್ಕವೂ ಇದೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಆರು ವರ್ಷ. ಇದನ್ನೇ ಅಳತೆಗೋಲು ಮಾಡಿಕೊಂಡು ಡಿಸ್ಟ್ರೋಗಳನ್ನು ಅಳೆಯೋಣ.

ಫೆಡೋರಾದ ಒಂದು ಆವೃತ್ತಿಗೆ ಸಿಗೋ ಬೆಂಬಲ ಸುಮಾರು 13 ತಿಂಗಳು. 72 ತಿಂಗಳಲ್ಲಿ ಐದಾರು ಸಲ ಇಡೀ ಸಿಸ್ಟಮ್ ಮೇಲೇರಿಸಬೇಕು. ಯಾರು ಮಾಡ್ತಾರೆ? ಗುಮಾಸ್ತ ಮಾಡಲ್ಲ. ನಾವು ಫೋನಿನಲ್ಲಿ, "ಈಗ ಎಂಟರ್ ಒತ್ತು, ಏನು ಬಂತು ಓದು" ಅಂತ ಮಾಡಬೇಕು. ಒಂದು ಸಲ ಮಾಡ್ತೀವಿ. ಎರಡನೇ ಸಲ "ಮುಂದಿನ ಹಬ್ಬಕ್ಕೆ ಬಂದಾಗ ನೋಡ್ತೀನಿ" ಅಂತೀವಿ. ಅಲ್ಲಿಗೆ ಮುಗೀತು.

ಆರ್ಚ್‌ಗೆ ಆವೃತ್ತಿಯೇ ಇಲ್ಲ, ಅದು ಹರಿಯೋ ನೀರು. ಅಪ್‌ಡೇಟ್ ಮಾಡೋ ಮುಂಚೆ ಅವರ ಸುದ್ದಿ ಪುಟ ಓದಿಕೊಳ್ಳೋದು ಬಳಸುವವರ ಕರ್ತವ್ಯ ಅಂತ ಅವರೇ ಹೇಳ್ತಾರೆ, ಅದರಲ್ಲಿ ಮೋಸ ಏನಿಲ್ಲ. 2022ರ ಆಗಸ್ಟ್‌ನಲ್ಲಿ ಗ್ರಬ್ ಬೂಟ್‌ಲೋಡರ್‌ನ ಒಂದು ಅಪ್‌ಡೇಟ್ ಆದ ಮೇಲೆ ಆರ್ಚ್ ಮತ್ತು ಅದರ ಬಳಗದ ಎಷ್ಟೋ ಮಷೀನುಗಳು ಬೂಟ್ ಆಗಲೇ ಇಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಒಳಗೆ ಹೊಕ್ಕು ಸರಿ ಮಾಡಬೇಕಾಯ್ತು. ಇಂದಿರಾನಗರದ ಫ್ಲ್ಯಾಟಿನಲ್ಲಿ ಅದು ಭಾನುವಾರದ ಮನರಂಜನೆ. ಸಿಂಧನೂರಿನ ಗಂಜಿನಲ್ಲಿ ಆ ಮಷೀನ್ ಅವತ್ತಿಂದ ಸ್ಟೂಲ್ ಆಗುತ್ತೆ.

ಸೆಂಟ್‌ಓಎಸ್ ನೆನಪಿದೆಯಾ? ಗಟ್ಟಿ, ಹತ್ತು ವರ್ಷ ನಿಶ್ಚಿಂತೆ ಅಂತ ನಂಬಿ ಎಷ್ಟೋ ಜನ ಸೆಂಟ್‌ಓಎಸ್ 8 ಹಾಕಿದ್ದರು. 2029ರವರೆಗೆ ಬೆಂಬಲ ಅಂತ ಇತ್ತು. 2020ರ ಡಿಸೆಂಬರ್ 8ರಂದು ರೆಡ್ ಹ್ಯಾಟ್ ಒಂದು ಪ್ರಕಟಣೆ ಹೊರಡಿಸಿತು, 2021ರ ಕೊನೆಗೇ ಅದು ನಿಂತೂ ಹೋಯಿತು. ಆಮೇಲೆ ಅಲ್ಮಾ, ರಾಕಿ ಹುಟ್ಟಿಕೊಂಡವು. ಒಳ್ಳೇ ಡಿಸ್ಟ್ರೋಗಳೇ, ತಲಾ ಹತ್ತು ವರ್ಷದ ಮಾತು ಕೊಟ್ಟಿವೆ. ನಿಮ್ಮ ಆಫೀಸಿನಲ್ಲಿ ರೆಡ್ ಹ್ಯಾಟ್ ಬಲ್ಲ ಕೈಗಳಿದ್ದರೆ ಧಾರಾಳವಾಗಿ ಹಾಕಿ. ಆದರೆ ಒಂದೇ ಕಂಪನಿಯ ತೀರ್ಮಾನಕ್ಕೆ ಕಟ್ಟಿಕೊಂಡ ಹಗ್ಗ ಯಾವಾಗ ಬೇಕಾದರೂ ಸಡಿಲ ಆಗಬಹುದು ಅನ್ನೋದನ್ನು ಆ ಡಿಸೆಂಬರ್ ತೋರಿಸಿಕೊಟ್ಟಿತು.

ಡೆಬಿಯನ್ ಯಾವ ಕಂಪನಿಯದೂ ಅಲ್ಲ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು, ಇವತ್ತಿಗೂ ಸ್ವಯಂಸೇವಕರೇ ನಡೆಸೋದು. ಎರಡು ವರ್ಷಕ್ಕೊಮ್ಮೆ ಹೆಚ್ಚೂಕಡಿಮೆ ಒಂದು ಆವೃತ್ತಿ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ರಂದು. ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ಎಲ್‌ಟಿಎಸ್, ಅಂದ್ರೆ 2030ರವರೆಗೆ ಭದ್ರತಾ ತೇಪೆ ಸಿಗುತ್ತೆ. ಉಬುಂಟು ಎಲ್‌ಟಿಎಸ್ ಕೂಡ ಐದು ವರ್ಷ, ಮನೆಬಳಕೆಯ ಐದು ಮಷೀನುಗಳವರೆಗೆ ಉಬುಂಟು ಪ್ರೊ ಪುಕ್ಕಟೆ ಇರೋದರಿಂದ ಅದು ಹತ್ತಕ್ಕೆ ಬೆಳೆಯುತ್ತೆ. ಆರು ವರ್ಷದ ಲೆಕ್ಕಕ್ಕೆ ಒಂದೇ ಒಂದು ಸಲ ಮೇಲೇರಿಸಿದರೆ ಸಾಕು. ಒಂದು ಯುಗಾದಿಯ ಒಂದು ಮಧ್ಯಾಹ್ನದ ಕೆಲಸ.

ವಯಸ್ಸಿಗಿಂತ ದೊಡ್ಡ ಕಾರಣ ಇನ್ನೊಂದಿದೆ: ಕೆಟ್ಟಾಗ ಯಾರು ಕೈ ಹಾಕ್ತಾರೆ? ಉಬುಂಟು ಹುಟ್ಟಿದ್ದೇ ಡೆಬಿಯನ್‌ನಿಂದ. ರಾಸ್ಪ್‌ಬೆರಿ ಪೈ ಓಎಸ್, ಓಪನ್‌ಮೀಡಿಯಾವಾಲ್ಟ್, ಪ್ರಾಕ್ಸ್‌ಮಾಕ್ಸ್ ಎಲ್ಲಾ ಅದೇ ಮನೆತನ. ಕಾಲೇಜಿನ ಲ್ಯಾಬಿನಲ್ಲಿ ಉಬುಂಟು ಮುಟ್ಟಿ ಬಂದ ಹುಡುಗ ಸಿಂಧನೂರಲ್ಲೂ ಸಿಗ್ತಾನೆ, ಲಿಂಗಸುಗೂರಲ್ಲೂ ಸಿಗ್ತಾನೆ. ಅವನಿಗೆ 'ಆಪ್ಟ್' ಗೊತ್ತು, ತಪ್ಪು ಸಂದೇಶ ಬಂದರೆ ಎಲ್ಲಿ ಹುಡುಕಬೇಕು ಗೊತ್ತು. ಎನ್‌ಐಎಕ್ಸ್‌ಓಎಸ್ ಬಲ್ಲವನನ್ನು ಮಸ್ಕಿಯಲ್ಲಿ ಹುಡುಕಿ ನೋಡೋಣ.

2024ರ ಆಗಸ್ಟ್ 10ರ ರಾತ್ರಿ ನಮ್ಮ ಭಾಗದವರು ಯಾರೂ ಮರೆಯಲ್ಲ. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ನೀರು ಕಣ್ಣೆದುರೇ ನದಿಗೆ ಹರಿಯಿತು. ಬದಲಿ ಗೇಟು ರೆಡಿ ಇರಲಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಸ್ಟಾಪ್‌ಲಾಗ್ ತಯಾರು ಮಾಡಿಸಿ, ಹರಿಯೋ ನೀರಲ್ಲೇ ಇಳಿಸಿ ಕೂರಿಸೋದಕ್ಕೆ ಒಂದು ವಾರದಷ್ಟು ಹಿಡೀತು. ಎಡದಂಡೆಯ ರೈತರು ಆ ವಾರ ಪೂರ್ತಿ ಉಸಿರು ಬಿಗಿಹಿಡಿದು ಕೂತಿದ್ದರು. ಡ್ಯಾಮಿಗಾದರೆ ಸರ್ಕಾರ ತಜ್ಞರನ್ನು ಕರೆಸುತ್ತೆ. ಮಾಮಾನ ಅಂಗಡಿಯ ಸರ್ವರ್‌ಗೆ ತಜ್ಞ ಅಂದ್ರೆ ನೀವೊಬ್ಬರೇ, ನೀವು ಆಗ ರಿಲೀಸ್ ಡೆಡ್‌ಲೈನ್‌ನಲ್ಲಿ ಇರ್ತೀರಿ, ಇಲ್ಲಾ ಆನ್‌ಸೈಟ್ ಹೋಗಿರ್ತೀರಿ. ಒಬ್ಬನಿಗೆ ಮಾತ್ರ ಗೊತ್ತಿರೋ ವ್ಯವಸ್ಥೆಯನ್ನು ನಂಬಿ ಊರಿನ ಲೆಕ್ಕ ಇಡಬಾರದು.

ಇದಕ್ಕೆ ಬರೋ ಆಕ್ಷೇಪಣೆಗಳು ನನಗೆ ಗೊತ್ತು, ಆಫೀಸಿನ ಊಟದ ಟೇಬಲ್ಲಿನಲ್ಲಿ ಎಲ್ಲಾ ಕೇಳಿದ್ದೇನೆ.

"ಡೆಬಿಯನ್ ಪ್ಯಾಕೇಜುಗಳು ಹಳೇವು ಗುರು." ಹೌದು. ಅದಕ್ಕೇ ಬೇಕಾಗಿರೋದು. ಫೈಲ್ ನಕಲು ಮಾಡೋ ಆರ್‌ಸಿಂಕ್ 1996ರಿಂದ ಇದೆ. ಟ್ಯಾಲಿ ಫೋಲ್ಡರನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹಾಕೋಕೆ ನಿನ್ನೆ ರಾತ್ರಿ ಬಂದ ಆವೃತ್ತಿ ಯಾಕೆ ಬೇಕು? ಹೊಸ ಹಾರ್ಡ್‌ವೇರ್‌ಗೆ ಹೊಸ ಕರ್ನಲ್ ಬೇಕು ಅನ್ನೋ ಮಾತು ನಿಜ. ಆದರೆ ನಾವು ಮಾತಾಡ್ತಾ ಇರೋದು ಮೂಲೆಯಲ್ಲಿ ಬಿದ್ದಿದ್ದ ಹಳೇ ಡೆಸ್ಕ್‌ಟಾಪ್ ಬಗ್ಗೆ. ಅದು 64 ಬಿಟ್ಟಿನದ್ದಾ ಅಂತ ಮಾತ್ರ ನೋಡಿಕೊಳ್ಳಿ, 32 ಬಿಟ್ಟಿನ ಹಳೇ ಪಿಸಿಗಳಿಗೆ ಡೆಬಿಯನ್ 13ರ ಇನ್‌ಸ್ಟಾಲರ್ ಇಲ್ಲ.

"ಸ್ಟೇಬಲ್ ಅಂದ್ರೂ ಬಗ್ ಬರಲ್ವಾ?" ಬರುತ್ತೆ. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3 ಹೊರಬರೋ ಹೊತ್ತಿಗೆ ಅದರ ಕರ್ನಲ್‌ನಲ್ಲಿ ಇಎಕ್ಸ್‌ಟಿ4 ಡೇಟಾ ಕೆಡಿಸಬಹುದಾದ ದೋಷ ಸಿಕ್ಕಿತು. ಅವರು ಅದನ್ನು ಮುಚ್ಚಿಡಲಿಲ್ಲ. ಬಿಡುಗಡೆ ತಡೆಹಿಡಿದು, ಅಪ್‌ಡೇಟ್ ಮಾಡಬೇಡಿ ಅಂತ ಸಾರಿ, ಡಿಸೆಂಬರ್ 10ಕ್ಕೆ ಸರಿಪಡಿಸಿದ 12.4 ಕೊಟ್ಟರು. ತಪ್ಪೇ ಆಗದ ಡಿಸ್ಟ್ರೋ ಯಾವುದೂ ಇಲ್ಲ. ತಪ್ಪು ಯಾವಾಗಲೋ ಒಮ್ಮೆ ಆಗಬೇಕು, ಆದಾಗ ಗೊತ್ತಾಗಬೇಕು. ಅದಕ್ಕೇ ಎರಡನೇ ನಕಲು ಬೇರೆ ಡಿಸ್ಕಿನಲ್ಲಿ, ಸರ್ವರ್‌ನಿಂದ ಬಿಚ್ಚಿಟ್ಟು ಇರಬೇಕು.

"ಕ್ಲೌಡ್ ಇರೋವಾಗ ಈ ಡಬ್ಬ ಯಾಕೆ?" ಸ್ಟುಡಿಯೋದವನ ಹತ್ರ ಒಂದು ಟೆರಾಬೈಟ್ ಮದುವೆ ವಿಡಿಯೋ ಇದೆ ಅಂದುಕೊಳ್ಳಿ. ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್ ಪೂರ್ತಿ ಸಿಕ್ಕರೂ, ಹಗಲು ರಾತ್ರಿ ನಿಲ್ಲದೆ ಒಂಬತ್ತು ದಿನ ಬೇಕು. ಮದುವೆ ಸೀಸನ್‌ನಲ್ಲಿ ಅಷ್ಟರೊಳಗೆ ಇನ್ನೊಂದು ರಾಶಿ ಬಂದಿರುತ್ತೆ. ಇನ್ನು ಡ್ರೈವ್ ಫೋಲ್ಡರ್ ಸಿಂಕ್ ಮಾಡಿಟ್ಟು ಅದನ್ನೇ ಬ್ಯಾಕಪ್ ಅನ್ನೋರು ಇದ್ದಾರೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತೆ ಸ್ವಾಮಿ. ಚಿಕ್ಕ ಲೆಕ್ಕದ ಫೈಲುಗಳಿಗೆ ಕ್ಲೌಡ್ ಮೂರನೇ ನಕಲಾಗಲಿ, ಬೇಡ ಅನ್ನಲ್ಲ. ಆದರೆ ಕ್ಲೌಡ್ ಅಂದ್ರೂ ಎಲ್ಲೋ ಒಂದು ಕಟ್ಟಡವೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದವರಿಗೆ ಎರಡೂ ಹೋದವು.

"ವಿಂಡೋಸ್ ಆದ್ರೆ ಎಲ್ಲರಿಗೂ ಗೊತ್ತಲ್ಲ?" ಗೊತ್ತು, ವೈರಸ್ಸಿಗೂ ಗೊತ್ತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದಾಗ ಒಂದು ವಿಂಡೋಸ್ ಮಷೀನಿಂದ ನೆಟ್‌ವರ್ಕಿನ ಇನ್ನೊಂದಕ್ಕೆ ತಾನೇ ಹಾರಿತು. ಅಂಗಡಿಯ ಮಷೀನಿಗೂ ಬ್ಯಾಕಪ್ ಮಷೀನಿಗೂ ಒಂದೇ ರೋಗ ತಗಲೋ ಹಾಗಿದ್ದರೆ ಎರಡು ಮಷೀನ್ ಇಟ್ಟು ಏನು ಬಂತು? ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೇ ಪಿಸಿಗಳು ಬಹಳಷ್ಟು 11ಕ್ಕೆ ಏರಲ್ಲ. ಆ ಪಿಸಿಗಳಿಗೆ ಇದಕ್ಕಿಂತ ಒಳ್ಳೇ ಎರಡನೇ ಜನ್ಮ ಸಿಗಲಾರದು.

ಈಗ ನಮ್ಮೊಳಗಿನ ಇನ್ನೊಂದು ಚಟದ ಬಗ್ಗೆ ಹೇಳಬೇಕು. ಡಿಸ್ಟ್ರೋ ಆರಿಸೋದಕ್ಕೆ ಮೂರು ವಾರ ಜಗಳ ಆಡ್ತೀವಿ, ಬ್ಯಾಕಪ್ ವಾಪಸ್ ಬರುತ್ತಾ ಅಂತ ಮೂರು ನಿಮಿಷ ನೋಡಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಇದಕ್ಕೇ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿಬಿಟ್ಟ. ಆಗ ನೋಡಿದರೆ ಅವರ ಬ್ಯಾಕಪ್ ವಿಧಾನಗಳು ಒಂದಾದ ಮೇಲೊಂದು ಕೈಕೊಟ್ಟಿದ್ದವು. ದಿನವೂ ಡೇಟಾಬೇಸ್ ನಕಲು ತೆಗೆಯಬೇಕಿದ್ದ ಪ್ರೋಗ್ರಾಂ ಆವೃತ್ತಿ ಹೊಂದದೆ ಸದ್ದಿಲ್ಲದೆ ಸೋಲುತ್ತಿತ್ತು, ಸೋತಿದೆ ಅಂತ ಹೇಳೋ ಇಮೇಲ್ ಕೂಡ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಕೈಯಾರೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್ ಸಿಕ್ಕಿತು. ಜಗತ್ತಿಗೇ ಕೋಡ್ ಇಡೋಕೆ ಜಾಗ ಕೊಡೋ ಕಂಪನಿಗೇ ಈ ಗತಿ ಆದಮೇಲೆ, "ಹಾಕಿ ಬಂದಿದೀನಿ, ಓಡ್ತಾ ಇರುತ್ತೆ" ಅನ್ನೋ ನಮ್ಮ ಧೈರ್ಯ ಎಲ್ಲಿಂದ ಬಂತು?

ಹಾಗಾದರೆ ಏನು ಮಾಡಬೇಕು? ಡೆಬಿಯನ್ ಹಾಕಿ, ಡೆಸ್ಕ್‌ಟಾಪ್ ಪರಿಸರ ಬೇಡ. ಭದ್ರತಾ ತೇಪೆ ತಾನೇ ಹಾಕಿಕೊಳ್ಳೋ ಹಾಗೆ 'ಅನಟೆಂಡೆಡ್ ಅಪ್‌ಗ್ರೇಡ್ಸ್' ಚಾಲೂ ಮಾಡಿ. ಅಂಗಡಿಯ ವಿಂಡೋಸ್ ಮಷೀನ್ ತನ್ನ ಟ್ಯಾಲಿ ಫೋಲ್ಡರನ್ನು ಓದೋಕಷ್ಟೇ ಹಂಚಿಕೊಳ್ಳಲಿ, ಸರ್ವರ್ ತಾನಾಗಿ ಬಂದು ಎಳೆದುಕೊಳ್ಳಲಿ. ಅಂಗಡಿಯ ಮಷೀನಿಗೆ ಸರ್ವರ್ ಮೇಲೆ ಬರೆಯೋ ಹಕ್ಕು ಬೇಡವೇ ಬೇಡ. ಆ ಹಕ್ಕಿದ್ದರೆ ನಾಳೆ ರಾನ್ಸಮ್‌ವೇರ್ ಬಂದಾಗ ಬ್ಯಾಕಪ್ಪಿಗೂ ಬೀಗ ಹಾಕಿಕೊಂಡು ಹೋಗುತ್ತೆ. ರಾತ್ರಿ ಎರಡಕ್ಕೆ ಸಮಯ ಇಡಬೇಡಿ, ಆಗ ಅಂಗಡಿಯ ಕಂಪ್ಯೂಟರ್ ಆಫ್ ಆಗಿರುತ್ತೆ. ಸಂಜೆ ಟ್ಯಾಲಿ ಮುಚ್ಚಿದ ಮೇಲೆ, ಶಟರ್ ಎಳೆಯೋ ಮುಂಚೆ ಅರ್ಧ ಗಂಟೆ ಇಡಿ. ಹಳೇ ದಿನಗಳ ನಕಲುಗಳನ್ನೂ ಉಳಿಸಿ, ಯಾಕಂದ್ರೆ ತಪ್ಪು ಎಂಟ್ರಿ ಗೊತ್ತಾಗೋದು ತಿಂಗಳಾದ ಮೇಲೆ. ಒಂದು ಯುಪಿಎಸ್ ಇರಲಿ. ರೇಡ್ ಹಾಕಿದೀನಿ ಅಂತ ಬೀಗಬೇಡಿ, ಅಳಿಸಿದ ಫೈಲನ್ನು ರೇಡ್ ಎರಡೂ ಡಿಸ್ಕಿನಿಂದ ಅಳಿಸುತ್ತೆ.

ಫೋಟೋಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಸೂತ್ರ ಸಾಕು: ಮೂರು ನಕಲು, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ವಾರಕ್ಕೊಮ್ಮೆ ಒಂದು ಯುಎಸ್‌ಬಿ ಡಿಸ್ಕಿಗೆ ಹಾಕಿ ಸಾಹುಕಾರ್ರು ಮನೆಗೆ ಒಯ್ಯಲಿ. ಆ ಡಿಸ್ಕು ಎಕ್ಸ್‌ಫ್ಯಾಟ್‌ನಲ್ಲಿ, ಫೈಲುಗಳು ಫೈಲುಗಳಾಗೇ ಇರಲಿ. ಊರಿನ ಯಾವ ಕಂಪ್ಯೂಟರಿಗೆ ಚುಚ್ಚಿದರೂ ತೆರೆಯಬೇಕು. ಕ್ಲಿನಿಕ್ಕಿನಂಥ ಕಡೆ ರೋಗಿಗಳ ವಿವರ ಇರೋದರಿಂದ ಗೂಢಲಿಪಿ ಬೇಕೇಬೇಕು, ಆಗ ಪಾಸ್‌ವರ್ಡನ್ನು ಹಾಳೆ ಮೇಲೆ ಬರೆದು ತಿಜೋರಿಯಲ್ಲಿ ಇಡಿ. ನಿಮ್ಮ ತಲೆಯಲ್ಲಿ ಮಾತ್ರ ಇದ್ದರೆ ಪ್ರಯೋಜನ ಇಲ್ಲ.

ಯಾರಿಗೂ ಓದಲು ಬಾರದ ನಕಲು ಏನಾಗುತ್ತೆ ಅಂತ ತಿಳಿಯೋಕೆ ಮಸ್ಕಿಯವರು ದೂರ ಹೋಗಬೇಕಿಲ್ಲ. ಅಶೋಕ ತನ್ನ ಮಾತನ್ನು ಒಂದೇ ಕಡೆ ಕೆತ್ತಿಸಿ ಸುಮ್ಮನಾಗಲಿಲ್ಲ. ಅದೇ ಕಿರು ಶಾಸನ ಮಸ್ಕಿಯಲ್ಲಿದೆ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿದೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿದೆ. ಬೇರೆ ಬೇರೆ ಊರಲ್ಲಿ, ಬಂಡೆಯ ಮೇಲೆ, ಎರಡು ಸಾವಿರ ವರ್ಷ ಮೀರಿ ಉಳಿದ ನಕಲುಗಳು. ಆದರೂ ಬ್ರಾಹ್ಮಿ ಲಿಪಿ ಓದೋರು ಇಲ್ಲವಾದ ಮೇಲೆ ಶತಮಾನಗಟ್ಟಲೆ ಅವು ಬರೀ ಗೀಚಿದ ಕಲ್ಲುಗಳಾಗಿದ್ದವು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಲಿಪಿ ಬಿಡಿಸಿದ. ಆಗಲೂ ಶಾಸನಗಳಲ್ಲಿ ಬರೋ 'ದೇವಾನಾಂಪ್ರಿಯ' ಯಾರು ಅನ್ನೋದಕ್ಕೆ ಶಾಸನದಲ್ಲೇ ನೇರ ಸಾಕ್ಷಿ ಇರಲಿಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯನ್ನು ಕಂಡ ಮೇಲೆ, ಅದರಲ್ಲಿ ಅಶೋಕ ಅನ್ನೋ ಹೆಸರೇ ಸಿಕ್ಕಿತು. ಕೆತ್ತಿದವನು ಹೆಸರು ಬರೆದದ್ದಕ್ಕೆ ಗುರುತು ಸಿಕ್ಕಿತು. ನಿಮ್ಮ ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ: ಯಾವ ಅಂಗಡಿ, ಯಾವ ವರ್ಷದ ಲೆಕ್ಕ, ತೆರೆಯೋದು ಹೇಗೆ. ಕನ್ನಡದಲ್ಲಿ ಬರೆಯಿರಿ. ಡೆಬಿಯನ್‌ನ ಇನ್‌ಸ್ಟಾಲರ್‌ನಲ್ಲೇ ಭಾಷೆ ಆರಿಸೋ ಪಟ್ಟಿಯಲ್ಲಿ ಕನ್ನಡ ಇರೋವಾಗ, ಅಂಗಡಿಯ ಗೋಡೆ ಮೇಲಿನ ಸೂಚನೆ ಇಂಗ್ಲಿಷಿನಲ್ಲಿ ಯಾಕಿರಬೇಕು?

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಹೊಸ ಡಿಸ್ಟ್ರೋದ ಪೆನ್‌ಡ್ರೈವ್ ಒಯ್ಯಬೇಡಿ. ಗುಮಾಸ್ತರನ್ನು ಸರ್ವರ್ ಮುಂದೆ ಕೂರಿಸಿ, ನೀವು ಹಿಂದೆ ನಿಂತು ಕೈಕಟ್ಟಿಕೊಳ್ಳಿ. "ಅಣ್ಣಾರ, ಹೋದ ತಿಂಗಳ ಹತ್ತನೇ ತಾರೀಖಿನ ಲೆಕ್ಕ ಬೇರೆ ಕಂಪ್ಯೂಟರಿನಲ್ಲಿ ತೆಗೆದು ತೋರ್ಸ್ರಿ" ಅನ್ನಿ. ಗೋಡೆ ಮೇಲಿನ ಹಾಳೆ ನೋಡಿಕೊಂಡು, ನಿಮ್ಮನ್ನು ಒಂದೂ ಮಾತು ಕೇಳದೆ ಅವರು ತೆಗೆದರೆ ನಿಮ್ಮ ಡಿಸ್ಟ್ರೋ ಸರಿಯಾಗಿದೆ. ತೆಗೆಯೋಕೆ ಆಗದಿದ್ದರೆ ಹಾಳೆ ತಿದ್ದಿ ಬರೆಯಿರಿ, ಮಧ್ಯಾಹ್ನ ಇನ್ನೊಮ್ಮೆ ಕೂರಿಸಿ. ಬಸ್ಸು ಹೇಗೂ ರಾತ್ರಿಗೆ ಇರೋದು.